ಹತ್ತು ಬಾಟಲಿ ನಮ್ಮೂರ ನೀರು

ನಮ್ಮ ಮನೆಯವರ ಅಂಗಿಯ ಜೇಬಿಗೆ ನೀರು ಅಳೆಯುವ ಪೆನ್ನು ಬಂದ ದಿನದಿಂದ ನಮ್ಮ ಮನೆಗೆ ನೆಂಟರು ಬರುವುದು ಕಡಿಮೆಯಾಯಿತು.

ಅದು ಬರೆಯುವ ಪೆನ್ನಲ್ಲ. ತುದಿಯನ್ನು ನೀರಿಗೆ ಅದ್ದಿದರೆ ಅದರಲ್ಲಿ ಎಷ್ಟು ಲವಣ ಕರಗಿದೆ ಅಂತ ಒಂದು ಪುಟ್ಟ ಕಿಟಕಿಯಲ್ಲಿ ಅಂಕಿ ಮೂಡುತ್ತದೆ. ಗೌರಿಬಿದನೂರಿನಲ್ಲಿ ನೀರಿನ ಬಗ್ಗೆ ಒಂದು ದಿನದ ತರಬೇತಿ ಇತ್ತು. ನಮ್ಮೂರ ಶಾಲೆಯಿಂದ ವಿಜ್ಞಾನದ ಮೇಷ್ಟ್ರು ಹೋಗಬೇಕಿತ್ತು. ಅವರಿಗೆ ಅವತ್ತು ಮದುವೆ, ಅದೂ ಅವರದೇ. ಹಾಗಾಗಿ ಹೆಡ್‌ಮಾಸ್ಟರ್ ಆವುಲಪ್ಪನವರು ಶಾಲೆಯ ಗುಮಾಸ್ತರಾದ ನಮ್ಮವರನ್ನು ಕಳಿಸಿದರು. ಬೆಳಿಗ್ಗೆ ಗುಮಾಸ್ತ ಯೋಗನರಸಿಂಹ ಆಗಿ ಬಸ್ಸು ಹತ್ತಿದವರು ಸಂಜೆ ಇಳಿಯುವಾಗ ವಿಜ್ಞಾನಿಯಾಗಿದ್ದರು.

ಮೊದಲು ನನ್ನ ಕಾಫಿ ಅಳೆದರು. ಆಮೇಲೆ ಮಜ್ಜಿಗೆ. ಆಮೇಲೆ ನಮ್ಮತ್ತೆ ಪಂಕಜಮ್ಮನವರ ಪೂಜೆಯ ತೀರ್ಥ. ತೀರ್ಥಕ್ಕೆ ಪೆನ್ನು ಅದ್ದಿದ್ದಕ್ಕೆ ಅತ್ತೆ ಮಗನಿಗೆ ಎರಡನೇ ಸಲ ಸ್ನಾನ ಮಾಡಿಸಿದರು. ಅಲ್ಲಿಗೆ ನಿಲ್ಲಬಹುದಿತ್ತು. ಹಿಂದೂಪುರದ ಚಿಕ್ಕತ್ತೆಯ ಮನೆಗೆ ನಾಮಕರಣಕ್ಕೆ ಹೋದಾಗ ಎಲೆ ಮುಂದೆ ಕೂತು, ಬಡಿಸಿದ ತಿಳಿಸಾರಿಗೆ ಪೆನ್ನು ಅದ್ದಿ, ನಾಲ್ಕು ಸಾಲು ಪಂಕ್ತಿಗೆ ಕೇಳುವ ಹಾಗೆ, "ನಾಲ್ಕು ಸಾವಿರದ ಇನ್ನೂರು. ಕುಡಿಯಲು ಯೋಗ್ಯವಲ್ಲ" ಅಂದುಬಿಟ್ಟರು. ಚಿಕ್ಕತ್ತೆ ಇವತ್ತಿಗೂ ನಮ್ಮ ಫೋನ್ ಎತ್ತುವುದಿಲ್ಲ.

ನಾನು ಸುಮ್ಮನಿದ್ದೆ. ಯಾಕೆ ಅಂದರೆ ಆ ಹುಚ್ಚಿನಿಂದ ನನಗೊಂದು ಕೆಲಸ ಆಗಬೇಕಿತ್ತು.

ನಮ್ಮ ಮಗಳು ಶ್ರೀವಲ್ಲಿ ಎಂಟನೇ ಕ್ಲಾಸು. ನಗು ಬಂದರೆ ಅವಳ ಅಂಗೈ ತಾನಾಗೇ ಬಾಯಿಗೆ ಹೋಗುತ್ತದೆ. ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ. ಎಷ್ಟು ಉಜ್ಜಿದರೂ ಹೋಗದ್ದು. ಹಲ್ಲಿನ ಡಾಕ್ಟರು, "ಇದು ಕೊಳೆಯಲ್ಲಮ್ಮ, ನೀರಿನ ಫ್ಲೋರೈಡು. ಹಲ್ಲು ಒಳಗೆ ಬೆಳೀತಿರುವಾಗಲೇ ಕೂತುಬಿಡುತ್ತೆ" ಅಂದಿದ್ದರು. ಊರಿನ ಕೊಳವೆಬಾವಿ ಆಳಕ್ಕೆ ಹೋದಷ್ಟೂ ಅದು ಜಾಸ್ತಿಯಂತೆ. ಬಸ್ ಸ್ಟಾಪಿನ ಹತ್ತಿರ ಒಂದು ಫಿಲ್ಟರ್ ಘಟಕ ಇದೆ. ಕ್ಯಾನು ಹೊರಬಲ್ಲವರು ಅಲ್ಲಿಂದ ತರುತ್ತೇವೆ. ಆದರೆ ಶಾಲೆಯ ಮಕ್ಕಳು ದಿನವಿಡೀ ಕುಡಿಯುವುದು ಶಾಲೆಯ ನಲ್ಲಿ ನೀರನ್ನೇ. ಅಲ್ಲಿ ಒಂದನೇ ಕ್ಲಾಸಿನಿಂದಲೇ ಮಕ್ಕಳಿದ್ದಾರೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಇನ್ನೂ ಒಳಗೇ ಬೆಳೆಯುತ್ತಿರುವ ಮಕ್ಕಳು. ಶ್ರೀವಲ್ಲಿಯ ಹಲ್ಲು ಬಂದಾಯಿತು, ಅದನ್ನು ವಾಪಸು ಕಳಿಸಲಾಗದು. ಬರಬೇಕಾದ ಹಲ್ಲುಗಳಿಗಾದರೂ ಒಳ್ಳೆಯ ನೀರು ಬೇಕಲ್ಲ?

ಶಾಲೆಗೊಂದು ಫಿಲ್ಟರ್ ಕೊಡಿ ಅಂತ ಎರಡು ವರ್ಷದಿಂದ ಅರ್ಜಿ ಹಾಕುತ್ತಿದ್ದೆವು. ಈ ಸಲ ಇಲಾಖೆಯಿಂದ ಉತ್ತರ ಬಂತು: ಊರಿನ ಹತ್ತು ನಲ್ಲಿಗಳ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿ. ಫ್ಲೋರೈಡು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ್ದರೆ ಫಿಲ್ಟರ್ ನಿಮಗೆ. ಇಲ್ಲವಾದರೆ ಪಟ್ಟಿಯಲ್ಲಿ ಮುಂದಿರುವ ಊರಿಗೆ.

ಒಂದೂವರೆ ಮಿಲಿಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಸಾಸಿವೆ ಕಾಳಿನ ತೂಕ. ಒಗ್ಗರಣೆಯಲ್ಲಿ ಒಂದು ಕಾಳು ಹೆಚ್ಚಾದರೆ ಯಾರಿಗೂ ಗೊತ್ತಾಗುವುದಿಲ್ಲ. ಹಲ್ಲಿಗೆ ಗೊತ್ತಾಗುತ್ತದೆ.

ನೀರು ಸಂಗ್ರಹಿಸುವ ಜವಾಬ್ದಾರಿ ಯಾರದು ಅಂತ ಕೇಳುವ ಹಾಗೇ ಇರಲಿಲ್ಲ. ನಮ್ಮವರು ಶಾಲೆಯ ಬೋರ್ಡಿಗೆ ನೋಟೀಸು ಅಂಟಿಸಿದರು: "ಆಯ್ದ ಹತ್ತು ಮನೆಗಳವರು ತಮ್ಮ ತಮ್ಮ ಮನೆಯ ಒಂದು ಲೀಟರ್ ನೀರನ್ನು ಶುಭ್ರವಾದ ಬಾಟಲಿಯಲ್ಲಿ ತುಂಬಿ, ಜಿಲ್ಲಾ ಮಟ್ಟದ ಮಾನ್ಯ ಅಧಿಕಾರಿಗಳ ಅವಗಾಹನೆಗಾಗಿ ಭಾನುವಾರ ಬೆಳಿಗ್ಗೆ ಒಪ್ಪಿಸತಕ್ಕದ್ದು."

"ರೀ, ನೀವೇ ಹೋಗಿ ನಲ್ಲಿಯಿಂದ ಹಿಡಿದುಕೊಂಡು ಬಂದರೆ ಒಳ್ಳೇದಲ್ವಾ?" ಅಂದೆ.

"ಚೀಟಿ ಬರೆಯೋರು ಯಾರೇ? ಒಂದೊಂದು ಬಾಟಲಿಗೆ ಒಂಬತ್ತು ಕಲಂ ಇದೆ. ಅಕ್ಷರ ದುಂಡಗಿಲ್ದಿದ್ರೆ ಪ್ರಯೋಗಾಲಯದೋರು ನಮ್ಮೂರ ಬಗ್ಗೆ ಏನಂದ್ಕೊಳ್ತಾರೆ?"

ಭಾನುವಾರ ಬೆಳಿಗ್ಗೆ ನಮ್ಮ ಜಗುಲಿಗೆ ಹತ್ತು ಬಾಟಲಿ ಬಂದವು. ನಾನು ಒಳಗೆ ದೋಸೆ ಹುಯ್ಯುತ್ತಿದ್ದೆ. ಕಿಟಕಿಯಿಂದ ಕಂಡಷ್ಟು ಹೇಳುತ್ತೇನೆ. ಬಾಟಲಿಗಳು ಮದುಮಕ್ಕಳ ಹಾಗಿದ್ದವು. ಒಂದಕ್ಕೆ ಅರಿಶಿನ ಕುಂಕುಮ. ಒಂದರ ಕತ್ತಿಗೆ ಮಲ್ಲಿಗೆ ದಾರ. ಪಕ್ಕದ ಮನೆ ಕೊಂಡಪ್ಪನವರು ತಮ್ಮ ಬಾಟಲಿಯನ್ನು ಹೊಸ ಟವೆಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎರಡು ಕೈಯಲ್ಲಿ ತಂದರು.

"ನೋಡೇ ಶುಭಾ, ಜನಕ್ಕೆ ವಿಜ್ಞಾನದ ಮೇಲೆ ಎಂಥಾ ಗೌರವ!" ಅನ್ನುವಾಗ ನಮ್ಮವರ ಕಣ್ಣು ಒದ್ದೆಯಾಯಿತು.

ಕಾಫಿ, ತೀರ್ಥ, ತಿಳಿಸಾರು ಯಾವುದನ್ನೂ ಬಿಡದ ಆ ಪೆನ್ನು ಆವತ್ತು ಮಾತ್ರ ಜೇಬಿನಿಂದ ಹೊರಗೆ ಬರಲಿಲ್ಲ. ಕೇಳಿದ್ದಕ್ಕೆ, "ಸೀಲ್ ಮಾಡೋ ಮಾದರಿಗೆ ಏನನ್ನೂ ಅದ್ದಬಾರದು. ತರಬೇತಿಯ ಏಳನೇ ನಿಯಮ" ಅಂದರು. ಲೋಕದಲ್ಲಿ ನಿಯಮ ಪಾಲಿಸುವವರಿಗೆ ಏನೂ ಕೊರತೆಯಿಲ್ಲ. ಯಾವತ್ತು ಪಾಲಿಸಬೇಕು ಅಂತ ಗೊತ್ತಿರುವವರಿಗೆ ಕೊರತೆ.

ಸೋಮವಾರ ಆ ಹತ್ತು ಬಾಟಲಿಗಳನ್ನು ಚೀಲಕ್ಕೆ ಹಾಕಿ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಚಿಕ್ಕಬಳ್ಳಾಪುರದವರೆಗೆ ಕಾಲು ಅಲುಗಿಸದೆ ಹೋದರು. ವಾಪಸು ಬಂದ ಮೇಲೆ ಎರಡು ದಿನ ಕುಂಟಿದರು.

ಹದಿನೈದು ದಿನಕ್ಕೆ ವರದಿ ಬಂತು. ಸೊನ್ನೆ ಬಿಂದು ಎರಡು. ಸೊನ್ನೆ ಬಿಂದು ಮೂರು. ಸೊನ್ನೆ ಬಿಂದು ಎರಡು. ಹತ್ತರಲ್ಲಿ ಒಂದೂ ಅರ್ಧ ಮಿಲಿಗ್ರಾಂ ದಾಟಿರಲಿಲ್ಲ. ಜೊತೆಗೊಂದು ಪತ್ರ: "ತಮ್ಮ ಗ್ರಾಮದ ನೀರು ಅತ್ಯುತ್ತಮವಾಗಿದ್ದು, ಮಾದರಿ ಗ್ರಾಮವೆಂದು ಪರಿಗಣಿಸಿ, ಶ್ರೀ ಯೋಗನರಸಿಂಹ ಇವರನ್ನು ಬರುವ ಶುಕ್ರವಾರ ಶಾಲಾ ಆವರಣದಲ್ಲಿ ಸನ್ಮಾನಿಸಲಾಗುವುದು. ಫಿಲ್ಟರ್ ಘಟಕವನ್ನು ಬೇರೆ ಗ್ರಾಮಕ್ಕೆ ವರ್ಗಾಯಿಸುವ ಆದೇಶಕ್ಕೆ ಅದೇ ದಿನ ಸಹಿ ಮಾಡಲಾಗುವುದು."

ನಮ್ಮವರು 'ಸನ್ಮಾನಿಸಲಾಗುವುದು' ಅನ್ನುವವರೆಗೆ ಮಾತ್ರ ಓದಿದರು.

ನಾನು ಪತ್ರವನ್ನು ಮೂರು ಸಲ ಓದಿದೆ. ನಮ್ಮ ಮನೆಯ ಬಾಟಲಿಯನ್ನು ನಾನೇ ಹಿತ್ತಲ ನಲ್ಲಿಯಿಂದ ತುಂಬಿದ್ದೆ. ಆ ನೀರಲ್ಲಿ ಬಟ್ಟೆ ಒಗೆದರೆ ಸೋಪಿನ ನೊರೆ ಬರುವುದಿಲ್ಲ, ಪಾತ್ರೆ ಒಣಗಿದರೆ ಬಿಳಿ ಮಂಡಲ ಬರೆದಿರುತ್ತದೆ. ಅದಕ್ಕೆ ಅತ್ಯುತ್ತಮ ಅನ್ನುವ ಯಂತ್ರ ಯಾವುದಪ್ಪ ಅಂತ ಯೋಚಿಸುತ್ತಿರುವಾಗಲೇ ಕೊಂಡಪ್ಪನವರು ಗೇಟು ತಳ್ಳಿಕೊಂಡು ಬಂದರು. ಹಿಂದೆ ಅವರ ಹೆಂಡತಿ ಆಂಜಿನಮ್ಮ.

"ಏನ್ ಸಾರ್ ಇದು ಅನ್ಯಾಯ! ನನ್ನ ನೀರಿಗೆ ಸೊನ್ನೆ ಪಾಯಿಂಟ್ ಒಂದಂತೆ. ಎದುರು ಮನೆ ಎರ್ರಪ್ಪಂಗೆ ಸೊನ್ನೆ ಪಾಯಿಂಟ್ ನಾಲ್ಕು! ಎಲ್ಲಾರ್ಗಿಂತ ಕಡಿಮೆ ಮಾರ್ಕ್ಸು ನಂಗೇ ಕೊಟ್ಟವ್ರೆ. ಅವನೇನೋ ಫಿಲ್ಟರ್ ನೀರು ತುಂಬ್ದ. ನಾನು ಗೌರಿಬಿದನೂರಿಗೇ ಹೋಗಿ ಸೀಲ್ ಇರೋ ಬಾಟ್ಲಿ ತಂದು ಸುರಿದಿದ್ದೀನಿ ಸಾರ್!"

ಒಳಗೆ ಕುಕ್ಕರ್ ಒಂದು ಸಲ ಕೂಗಿತು.

"ಕೊಂಡಪ್ಪನೋರೇ, ಮನೆ ನಲ್ಲಿ ನೀರು ತುಂಬ್ಲಿಲ್ವಾ?" ಅಂದೆ.

ಉತ್ತರ ಆಂಜಿನಮ್ಮ ಕೊಟ್ಟಳು. "ಏಮ್ಮಾ ಶುಭಮ್ಮಾ, ಹಂಗಂದ್ರೆ ಹೆಂಗೆ? ನಮ್ಮ ಮನೆ ಹೊಸ್ಲು ದಾಟಿ ಬಂದೋರಿಗೇ ಆ ನೀರು ಕೊಡಲ್ಲ ನಾವು. ಇನ್ನು ಜಿಲ್ಲಾ ಆಫೀಸರ್ ಕೈಗೆ, ಚೀಟಿ ಮೇಲೆ ಮನೆಯೋರ ಹೆಸರು ಬರ್ದು, ಆ ಉಪ್ಪು ನೀರು ಕಳಿಸೋದಾ? ಮಗಳು ಮದ್ವೆಗೆ ನಿಂತವ್ಳೆ. ನಾಳೆ ಯಾರಾದ್ರೂ ಆ ಚೀಟಿ ಓದಿದ್ರೆ?"

"ಎಲ್ಲರೂ ಹೀಗೇ ಮಾಡಿದ್ರಾ?"

"ಮಾಡ್ದೆ? ಅವತ್ತು ಬೆಳಗ್ಗೆ ಫಿಲ್ಟರ್ ಹತ್ರ ಏನ್ ಕ್ಯೂ ಅಂತೀಯ!"

"ಆದ್ರೆ ನಮ್ಮನೇದು ನಲ್ಲಿ ನೀರೇ. ನಾನೇ ತುಂಬಿದ್ದು."

ನಡುಮನೆಯಿಂದ ಅತ್ತೆಯ ಕೆಮ್ಮು ಕೇಳಿಸಿತು. ಅದು ನೆಗಡಿಯ ಕೆಮ್ಮಾಗಿರಲಿಲ್ಲ.

"ನೋಡಮ್ಮ, ನೀನು ತುಂಬಿಟ್ಟಿದ್ದನ್ನ ತುಳಸಿಗೆ ಹಾಕ್ದೆ. ಕ್ಯಾನಿನ ನೀರು ಕಾಯಿಸಿ ಆರಿಸಿ, ಬಿಳಿ ಪಂಚೇಲಿ ಎರಡು ಸಲ ಸೋಸಿ ತುಂಬ್ದೆ. ಒಂದು ಏಲಕ್ಕಿ ಹಾಕೋಣ ಅಂತಿದ್ದೆ. ಬೇಡ, ದೊಡ್ಡೋರು, ಅವರ ರುಚಿ ಹೇಗೋ ಅಂತ ಬಿಟ್ಟೆ."

ನಾನು ಇಪ್ಪತ್ತು ವರ್ಷ ಈ ಅತ್ತೆಯ ಜೊತೆ ಬಾಳಿದ್ದೇನೆ. ಆ ಬೆಳಿಗ್ಗೆ ನನ್ನ ತಾಳ್ಮೆಗೂ ಯಾರಾದರೂ ಬಂದು ಸನ್ಮಾನ ಮಾಡಬಹುದಿತ್ತು.

ನಮ್ಮವರು ಮಾತ್ರ ಒಪ್ಪಲಿಲ್ಲ. "ವರದಿಗೆ ಸೀಲಿದೆ, ಸಹಿಯಿದೆ. ನೀರೇ ಸುಧಾರಿಸಿರಬಹುದು" ಅಂದರು.

"ಹೋಗಿ ನಲ್ಲಿಗೆ ನಿಮ್ಮ ಪೆನ್ನು ಅದ್ದಿ."

ಅದ್ದಿದರು. ಐನೂರು ದಾಟಬಾರದ ಕಡೆ ಸಾವಿರದ ಮುನ್ನೂರು ತೋರಿಸಿತು. ಒದರಿ ಇನ್ನೊಂದು ಸಲ ಅದ್ದಿದರು. ಸಾವಿರದ ಮುನ್ನೂರ ಹತ್ತು. ಆಮೇಲೆ ಹಿತ್ತಲ ಕಲ್ಲಿನ ಮೇಲೆ ಕೂತರು.

"ಶುಕ್ರವಾರ ಕಾರ್ಯಕ್ರಮ ಕಣೆ. ಶಾಲಿಗೆ ಹೇಳಿಯಾಗಿದೆ. ಚಿಕ್ಕತ್ತೆಗೂ ಫೋಟೋ ಕಳಿಸ್ತೀನಿ ಅಂತ ಮೆಸೇಜ್ ಹಾಕಿದ್ದೀನಿ. ಈಗ ಹೇಗೆ ಹೇಳಲಿ?"

"ಬಾಯಿಂದ" ಅಂದೆ. "ನೀವು ಹೇಳದಿದ್ರೆ ನಾನು ಹೇಳ್ತೀನಿ. ನಿಮ್ಮ ಶಾಲು ನನಗೆ ಬೇಡ. ಆ ಫಿಲ್ಟರ್ ಬೇಕು."

ಶುಕ್ರವಾರ ಶಾಲೆಯ ಅಂಗಳಕ್ಕೆ ಶಾಮಿಯಾನ ಬಂತು. ಅಧಿಕಾರಿಗಳ ಹೆಸರು ಮೋಹನ್‌ಬಾಬು. ಒಳ್ಳೆಯ ಮನುಷ್ಯರೇ, ಆದರೆ ಮೂರು ಊರು ಮುಗಿಸಿ ಸಂಜೆಯೊಳಗೆ ಮನೆ ಸೇರಬೇಕಾದ ಆತುರದ ಮನುಷ್ಯರು. ಹೆಡ್‌ಮಾಸ್ಟರ್ ಆವುಲಪ್ಪನವರು ಸ್ವಾಗತ ಭಾಷಣದಲ್ಲಿ ನಮ್ಮ ನೀರನ್ನು ಗಂಗೆಗೆ ಹೋಲಿಸಿದರು. ಅವರ ಮುಂದೆ ಮೇಜಿನ ಮೇಲೆ ಮನೆಯಿಂದ ತಂದ ನೀರಿನ ಫ್ಲಾಸ್ಕ್ ಇತ್ತು. ನಮ್ಮವರಿಗೆ ಶಾಲು ಹೊದಿಸಿದರು. ಬೇಸಿಗೆಯ ಬಿಸಿಲಿಗೆ ಶಾಲಿನೊಳಗೆ ಬೆವರುತ್ತಾ ಅವರು ನನ್ನ ಕಡೆ ನೋಡದ ಹಾಗೆ ಶಾಮಿಯಾನದ ಕಂಬಗಳನ್ನು ಎಣಿಸುತ್ತಿದ್ದರು.

"ನಮ್ಮ ಪ್ರಯೋಗಾಲಯದ ಯಂತ್ರ ಎಷ್ಟು ಸೂಕ್ಷ್ಮ ಅಂದ್ರೆ," ಮೋಹನ್‌ಬಾಬು ಮೈಕಿನಲ್ಲಿ ಹೇಳಿದರು, "ಹತ್ತು ಲಕ್ಷ ಹನಿ ನೀರಿನಲ್ಲಿ ಒಂದೇ ಒಂದು ಹನಿ ಬೆರೆತಿದ್ರೂ ಹಿಡಿದುಬಿಡುತ್ತೆ. ಅದರಿಂದ ಯಾರೂ ತಪ್ಪಿಸ್ಕೊಳ್ಳಕ್ಕಾಗಲ್ಲ. ಯಂತ್ರ ಸುಳ್ಳು ಹೇಳಲ್ಲ!"

ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ಕೊಂಡಪ್ಪನವರದು.

"ಮೊದಲು ಮಕ್ಕಳ ಜೊತೆ ಒಂದು ಫೋಟೋ, ಆಮೇಲೆ ಸಹಿ" ಅಂದರು ಅಧಿಕಾರಿ. ಮಕ್ಕಳು ಎರಡು ಸಾಲು ನಿಂತರು. ಫೋಟೋ ತೆಗೆಯುವ ಸುನೀಲ್‌ಕುಮಾರ್ ಕೂಗಿದ: "ಎಲ್ರೂ ನಗ್ರಪ್ಪಾ!" ಹಿಂದಿನ ಸಾಲಿನ ದೊಡ್ಡ ಮಕ್ಕಳ ಕೈಗಳೆಲ್ಲ ಒಟ್ಟಿಗೆ ಬಾಯಿಗೆ ಹೋದವು. "ಕೈ ತೆಗೀರಮ್ಮ, ಕೈ ತೆಗೀರಿ!" ಯಾರೂ ತೆಗೆಯಲಿಲ್ಲ. "ಏನಮ್ಮ ನಾಚಿಕೆ?" ಅಂದರು ಅಧಿಕಾರಿ.

ನಾನು ಎದ್ದು ನಿಂತೆ. "ಶ್ರೀವಲ್ಲಿ, ಕೈ ತೆಗಿಯಮ್ಮ. ಸಾಹೇಬ್ರಿಗೆ ಹಲ್ಲು ತೋರ್ಸು. ನೀನು ಮಾಡಿದ ತಪ್ಪಲ್ಲ ಅದು."

ಮಗಳು ನನ್ನನ್ನು ನೋಡಿದಳು. ಕೈ ಇಳಿಸಿದಳು. ನಗಲಿಲ್ಲ, ಸಿಟ್ಟಿನಿಂದ ಹಲ್ಲು ಬಿಟ್ಟಳು. ಪಕ್ಕದವಳೂ ಬಿಟ್ಟಳು. ಆಮೇಲೆ ಇಡೀ ಸಾಲು. ಮೋಹನ್‌ಬಾಬು ಒಂದು ಹೆಜ್ಜೆ ಹಿಂದೆ ಸರಿದರು. ಕೈಯಲ್ಲಿದ್ದ ವರದಿ ನೋಡಿದರು, ಸಾಲು ನೋಡಿದರು, ಮತ್ತೆ ವರದಿ ನೋಡಿದರು.

"ಆದ್ರೆ ಯಂತ್ರ…"

"ಯಂತ್ರ ಸುಳ್ಳು ಹೇಳಿಲ್ಲ ಸಾರ್" ಅಂದೆ. "ಹೇಳಿದ್ದು ನಾವು. ನಿಮಗೆ ಕಳಿಸಿದ್ದು ಫಿಲ್ಟರ್ ನೀರು."

"ನಂದಲ್ಲ! ನಂದು ಸೀಲ್ ಬಾಟ್ಲಿ!" ಅಂತ ಕೊಂಡಪ್ಪನವರು ಕುರ್ಚಿಯಿಂದ ಎದ್ದರು. ಆಂಜಿನಮ್ಮ ಅವರ ಟವೆಲು ಹಿಡಿದು ಎಳೆದು ಕೂರಿಸಿದಳು. ನಮ್ಮತ್ತೆ ಹೆಂಗಸರ ಸಾಲಿನಿಂದ, "ನಂದು ಕಾಯಿಸಿ ಸೋಸಿದ್ದು" ಅಂತ ದಾಖಲೆಗೆ ಸೇರಿಸಿದರು. ಆಮೇಲೆ ಉಳಿದ ಮನೆಯವರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಮರ್ಯಾದೆಯ ಕತೆ ಹೇಳತೊಡಗಿದರು. ಆವುಲಪ್ಪನವರು ಮೆಲ್ಲಗೆ ಫ್ಲಾಸ್ಕನ್ನು ಮೇಜಿನ ಕೆಳಗೆ ಇಟ್ಟರು.

ಮೋಹನ್‌ಬಾಬು ಮುಖ ಒರೆಸಿಕೊಂಡರು. "ನೋಡಿ, ಬಾಯಿಮಾತಲ್ಲಿ ವರದಿ ರದ್ದಾಗಲ್ಲ. ಮಾದರಿ ತೆಗೆದೋರೇ ಬರೆದು ಕೊಡ್ಬೇಕು, ನಾನು ನಿಯಮದಂತೆ ತೆಗೆದಿಲ್ಲ ಅಂತ. ಹಾಗೆ ಬರೆದುಕೊಟ್ರೆ ಅವರ ಮೇಲೆ ಕ್ರಮ ಆಗುತ್ತೆ. ಅದನ್ನೂ ಈಗಲೇ ಹೇಳಿದ್ದೀನಿ."

ಇಡೀ ಶಾಮಿಯಾನ ನಮ್ಮವರ ಕಡೆ ತಿರುಗಿತು.

ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವರಿಗೆ ಒಂದು ಮೆಮೋ ಕೂಡ ಬಂದಿರಲಿಲ್ಲ. ಒಂದು ಸಲ ಹಾಜರಿ ಪುಸ್ತಕದಲ್ಲಿ ಮಸಿ ಚೆಲ್ಲಿದ್ದಕ್ಕೆ ತಾವೇ ತಮಗೆ ಒಂದು ಕ್ಷಮಾಪಣೆ ಪತ್ರ ಬರೆದು ಫೈಲು ಮಾಡಿದ್ದರು. ಅಂಥವರು ಎದ್ದರು. ಶಾಲು ತೆಗೆದು, ಅಂಚಿಗೆ ಅಂಚು ಸೇರಿಸಿ ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟರು. ಒಂದು ಬಿಳಿ ಹಾಳೆ ಕೇಳಿ ತಗೊಂಡರು. ಜೇಬಿನಿಂದ ಪೆನ್ನು ತೆಗೆದು ಬರೆಯಲು ಹೊರಟರು. ಹಾಳೆ ಮೇಲೆ ಏನೂ ಮೂಡಲಿಲ್ಲ. ಅದು ನೀರಿನ ಪೆನ್ನು. ಇನ್ನೊಮ್ಮೆ ಗೀಚಿದರು. ಅಧಿಕಾರಿಗಳೇ ತಮ್ಮ ಪೆನ್ನು ಕೊಟ್ಟರು.

"ಸಾರ್, ಇದು ಕೊಟ್ರೆ ನಿಮ್ಮ ಮೇಲೇ ಬರುತ್ತೆ. ಯೋಚಿಸಿ" ಅಂತ ಆವುಲಪ್ಪನವರು ಪಿಸುಗುಟ್ಟಿದರು. ಮೈಕು ಆನ್ ಇತ್ತು.

"ಬರಲಿ ಸಾರ್" ಅಂದರು ನಮ್ಮವರು, ಅದೂ ಮೈಕಿನಲ್ಲೇ. "ಬಂದ್ರೆ ಇನ್‌ವರ್ಡ್ ನಂಬರ್ ಹಾಕಿ ತಗೊಳ್ತೀನಿ."

ಅವತ್ತೇ, ಅಲ್ಲೇ, ಮೋಹನ್‌ಬಾಬು ತಾವೇ ಹತ್ತು ಮನೆಯ ನಲ್ಲಿಗೂ, ಶಾಲೆಯ ನಲ್ಲಿಗೂ ಹೋಗಿ ನೀರು ಹಿಡಿದರು. ಊರಿಗೆ ಊರೇ ಹಿಂದೆ. ಈಗ ಸ್ಪರ್ಧೆ ತಿರುಗಿತ್ತು. "ನಮ್ಮ ನಲ್ಲಿದೇ ಎಲ್ಲಾದ್ಕಿಂತ ಕೆಟ್ಟದ್ದು ಸಾರ್, ಮೊದ್ಲು ಇಲ್ಲಿಗ್ ಬನ್ನಿ" ಅಂತ ಎರ್ರಪ್ಪ. "ಅವನ್ದೇನ್ ಕೆಟ್ಟದ್ದು ಸಾರ್, ನಮ್ದು ನೋಡಿ, ಬೇಳೆನೇ ಬೇಯಲ್ಲ" ಅಂತ ಕೊಂಡಪ್ಪನವರು. ಉತ್ಸಾಹದಲ್ಲಿ ಯಾರಾದರೂ ಒಂದು ಹಿಡಿ ಉಪ್ಪು ಬೆರೆಸಿಯಾರು ಅಂತ ನಾನು ಮತ್ತು ಆಂಜಿನಮ್ಮ ಪ್ರತಿ ಬಾಟಲಿಯ ಎರಡು ಪಕ್ಕ ನಿಂತಿದ್ದೆವು. ನಮ್ಮ ಹಿತ್ತಲಿಗೆ ಬಂದಾಗ ಅತ್ತೆಯನ್ನು ಶ್ರೀವಲ್ಲಿ ದೇವರ ಮನೆಯಲ್ಲಿ ಮಾತಿಗೆ ಕೂರಿಸಿಕೊಂಡಿದ್ದಳು.

ಎರಡನೇ ವರದಿ ಬಂತು. ಅತಿ ಕಡಿಮೆ ಎರಡು ಬಿಂದು ಆರು. ಶಾಲೆಯ ನಲ್ಲಿಯದು ಮೂರು ಬಿಂದು ಒಂದು. ಕೊಂಡಪ್ಪನವರದು ಮೂರು ಬಿಂದು ನಾಲ್ಕು, ಊರಿಗೇ ಹೆಚ್ಚು. ಅವರು ಒಂದು ವಾರ ಎದುರು ಮನೆಯವರ ಮುಂದೆ ಎದೆ ಉಬ್ಬಿಸಿ ಓಡಾಡಿದರು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ವರಾಂಡದಲ್ಲಿ ಫಿಲ್ಟರ್ ಕೂತಿತ್ತು. ಒಂದನೇ ಕ್ಲಾಸಿನ ಮಕ್ಕಳು ನಲ್ಲಿ ಎಟುಕದೆ ಗಲಾಟೆ ಮಾಡಿದಾಗ ನಾನೇ ಒಂದು ಮಣೆ ಕೊಟ್ಟು ಬಂದೆ.

ಅದೇ ವಾರ ನಮ್ಮವರ ಹೆಸರಿಗೆ ನೋಟೀಸು ಬಂತು: "ಮೊದಲನೇ ಸಲ ಸುಳ್ಳು ನೀರು ಒದಗಿಸಿ ಇಲಾಖೆಯನ್ನು ದಾರಿ ತಪ್ಪಿಸಿದ ಮನೆಯವರ ಹೆಸರುಗಳನ್ನು ಏಳು ದಿನದೊಳಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ವಾರ್ಷಿಕ ವೇತನ ಬಡ್ತಿ ತಡೆಹಿಡಿಯಲಾಗುವುದು."

ಕೊಂಡಪ್ಪನವರು ಸುದ್ದಿ ಕೇಳಿ ಬಂದು ಬಾಗಿಲಲ್ಲೇ ನಿಂತರು. ಅವತ್ತು ಅವರ ದನಿ ಸಣ್ಣಗಿತ್ತು. "ನನ್ನ ಹೆಸ್ರು ಬರ್ಕೊಳಿ ಸಾರ್. ನಿಮ್ಮ ಬಡ್ತಿ ಯಾಕೆ ಹೋಗ್ಬೇಕು?"

"ಕೂತ್ಕೊಳಿ. ಕಾಫಿ ಕುಡೀರಿ" ಅಂದರು ನಮ್ಮವರು, ಬರೆಯುವುದನ್ನು ನಿಲ್ಲಿಸದೆ.

ಆರನೇ ದಿನ ಉತ್ತರ ಸಿದ್ಧವಾಯಿತು. ರಿಜಿಸ್ಟರ್ಡ್ ಪೋಸ್ಟಿಗೆ ಹಾಕುವ ಮುಂಚೆ ನನಗೆ ಓದಲು ಕೊಟ್ಟರು. ನಾನು ಸೆರಗಿನಲ್ಲಿ ಕೈ ಒರೆಸಿಕೊಂಡು ಓದಿದೆ.

"ಮಾನ್ಯರೇ, ಮನೆಗೆ ಬಂದವರ ಕೈಗೆ ತಮ್ಮಲ್ಲಿರುವ ಒಳ್ಳೆಯ ನೀರನ್ನೇ ಕೊಡುವವರ ಹೆಸರುಗಳನ್ನು ಕೇಳಿದ್ದೀರಿ. ವಿಚಾರಿಸಲಾಗಿ, ಈ ಗ್ರಾಮದಲ್ಲಿ ಹಾಗೆ ಮಾಡದವರು ಯಾರೂ ಕಂಡುಬಂದಿಲ್ಲ. ಆದ್ದರಿಂದ ಗ್ರಾಮದ ಮತದಾರರ ಪಟ್ಟಿಯನ್ನು ಪೂರ್ತಿಯಾಗಿ ಲಗತ್ತಿಸಿದೆ. ನನ್ನ ಹೆಸರು ಎಂಟನೇ ಪುಟದಲ್ಲಿದೆ."

ಕೆಳಗೆ ಸಹಿ. ದುಂಡಗಿನ ಅಕ್ಷರ. ತಾರೀಖು, ಊರು, ಎಲ್ಲ ಇತ್ತು.

"ರೀ, ಕೊನೇಲಿ 'ತಮ್ಮ ವಿಧೇಯ' ಅಂತ ಬರೆಯೋದು ಮರೆತಿದ್ದೀರಿ" ಅಂದೆ.

ನಮ್ಮವರು ಲಕೋಟೆಯ ಅಂಚಿಗೆ ಗೋಂದು ಹಚ್ಚಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರು.

"ಮರೆತಿಲ್ಲ ಕಣೆ."